ಓಟಕ್ಕೆ ಮುಂಚೆ ಸ್ಟ್ರೆಚಿಂಗ್ ಮಾಡಿಸಬೇಕಾ, ಬೇಡವಾ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. 100, 200 ಮೀಟರ್ ಓಡುವ ಮಕ್ಕಳನ್ನು ಓಟಕ್ಕೆ ಮುಂಚೆ ಹತ್ತು ನಿಮಿಷ ಕೂರಿಸಿ ಸ್ಟ್ರೆಚಿಂಗ್ ಮಾಡಿಸುವುದು ನಮ್ಮಲ್ಲಿ ಮೊದಲಿಂದ ಬಂದ ರೂಢಿ. ಬೆಂಗಳೂರಿನಲ್ಲಿ ಕ್ಯಾಂಪ್ ಮುಗಿಸಿ ಬಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ 'ಸರ್, ಹಾಗೆ ಮಾಡಿದರೆ ಸ್ಪೀಡ್ ಕಡಿಮೆ ಆಗುತ್ತೆ' ಅಂತಾನೆ. ಮಾಡಿಸದೇ ಬಿಟ್ಟು ಯಾರಿಗಾದರೂ ಕಾಲು ಹಿಡಿದುಕೊಂಡರೆ ಯಾರು ಹೊಣೆ? ಇನ್ನೊಂದು ವಿಷಯ. 9ನೇ ತರಗತಿಯ ಒಬ್ಬ ಹುಡುಗಿಗೆ ತೊಡೆಯ ಹಿಂದೆ ನೋವು ಬಂದಿದೆ. ಅವಳಿಗೆ ಇನ್ನೂ ಜಾಸ್ತಿ ಸ್ಟ್ರೆಚ್ ಮಾಡಿಸಬೇಕಾ? ದಾವಣಗೆರೆಯ ಜಿಲ್ಲಾ ಮಟ್ಟಕ್ಕೆ ಇನ್ನು ಮೂರು ವಾರ ಇದೆ.

ಉತ್ತರ: ಮೇಷ್ಟ್ರೇ, ನಿಮ್ಮ ಹಳೆಯ ವಿದ್ಯಾರ್ಥಿ ಹೇಳಿದ್ದು ಅರ್ಧ ನಿಜ. ಕೂತು ಒಂದೇ ಭಂಗಿಯಲ್ಲಿ ತುಂಬಾ ಹೊತ್ತು ಸ್ನಾಯು ಹಿಗ್ಗಿಸಿ, ಎದ್ದ ತಕ್ಷಣ ಓಡಿದರೆ ವೇಗ ಸ್ವಲ್ಪ ತಗ್ಗುತ್ತದೆ. ಎಷ್ಟು ತಗ್ಗುತ್ತದೆ, ಯಾವಾಗ ತಗ್ಗುತ್ತದೆ ಅಂತ ಗೊತ್ತಾದರೆ ನಿಮ್ಮ ರೂಢಿಯನ್ನು ಬುಡಸಮೇತ ಕಿತ್ತು ಹಾಕುವ ಅಗತ್ಯ ಬೀಳುವುದಿಲ್ಲ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಮಕ್ಕಳ ವೇಗ ಜಾಸ್ತಿ ಸೋರಿ ಹೋಗುವುದು ಬೇರೆ ಕಡೆ. ವಾರ್ಮ್ ಅಪ್ ಮುಗಿಸಿ, ತಮ್ಮ ಹೀಟ್ (ಫೈನಲ್‌ಗೆ ಮುಂಚಿನ ಸುತ್ತಿನ ಓಟ) ಕರೆಯುವವರೆಗೆ ಶಾಮಿಯಾನದ ಕೆಳಗೆ ಕೂತು ಮೈ ತಣ್ಣಗೆ ಮಾಡಿಕೊಳ್ಳುತ್ತಾರಲ್ಲ, ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸ್ಟ್ರೆಚಿಂಗ್ ವಿಷಯ. 2004ರಲ್ಲಿ ಫ್ಲೆಚರ್ ಮತ್ತು ಜೋನ್ಸ್ ಅನ್ನುವ ಸಂಶೋಧಕರು 97 ರಗ್ಬಿ ಆಟಗಾರರನ್ನು 20 ಮೀಟರ್ ಓಡಿಸಿ ನೋಡಿದರು. ಕೂತು ಹಿಡಿದು ಹಿಗ್ಗಿಸಿದ ಗುಂಪು ಮೊದಲಿಗಿಂತ ನಿಧಾನವಾಯಿತು. ನಡೆಯುತ್ತಾ, ಕಾಲು ಬೀಸುತ್ತಾ ಮೈ ಸಡಿಲಿಸಿಕೊಂಡ ಗುಂಪು ಮೊದಲಿಗಿಂತ ಚುರುಕಾಯಿತು. ಮರುವರ್ಷ ಅಮೆರಿಕದಲ್ಲಿ ನೆಲ್ಸನ್ ಮತ್ತು ಸಂಗಡಿಗರು ಕಾಲೇಜು ಮಟ್ಟದ 16 ಅಥ್ಲೀಟ್‌ಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಸ್ಟ್ರೆಚ್ ಆದ ಮೇಲೆ 20 ಮೀಟರ್‌ಗೆ ಸುಮಾರು 0.04 ಸೆಕೆಂಡ್ ಜಾಸ್ತಿ ಹಿಡಿಯಿತು. ಎರಡೂ ಕಾಲು ಹಿಗ್ಗಿಸಿದರೂ ಅಷ್ಟೇ, ಒಂದೇ ಕಾಲು ಹಿಗ್ಗಿಸಿದರೂ ಹೆಚ್ಚುಕಮ್ಮಿ ಅಷ್ಟೇ.

0.04 ಸೆಕೆಂಡ್ ಅಂದರೆ ಎಷ್ಟು? ನಿಮ್ಮ ಶಾಲೆಯ ಒಳ್ಳೆಯ ಓಟಗಾರ್ತಿ ಗೆರೆ ಮುಟ್ಟುವಾಗ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿರುತ್ತಾಳೆ ಅಂತ ಇಟ್ಟುಕೊಳ್ಳಿ. 0.04 ಸೆಕೆಂಡಿನಲ್ಲಿ ಅವಳು 32 ಸೆಂಟಿಮೀಟರ್ ಹೋಗುತ್ತಾಳೆ. ಒಂದು ಅಡಿ. ಮೊದಲನೆಯವಳಿಗೂ ಎರಡನೆಯವಳಿಗೂ ನಡುವೆ ಅಷ್ಟು ಅಂತರವೂ ಇಲ್ಲದ ಎಷ್ಟು ಓಟಗಳನ್ನು ನೀವೇ ನೋಡಿಲ್ಲ? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು 0.01 ಸೆಕೆಂಡಿನಿಂದ. 2024ರ ಪ್ಯಾರಿಸ್‌ನಲ್ಲಿ 100 ಮೀಟರ್ ಫೈನಲ್ ಗೆದ್ದ ನೋವಾ ಲೈಲ್ಸ್ ಅವರಿಗೂ ಎರಡನೆಯವರಾದ ಕಿಶೇನ್ ಥಾಂಪ್ಸನ್ ಅವರಿಗೂ ನಡುವೆ ಇದ್ದದ್ದು 0.005 ಸೆಕೆಂಡ್. ಹಾಗಾಗಿ 'ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು' ಅನ್ನುವ ಹಾಗಿಲ್ಲ.

ಹಾಗಂತ ನಾಳೆಯೇ ಸ್ಟಾಪ್‌ವಾಚ್ ಹಿಡಿದು ಪರೀಕ್ಷೆ ಮಾಡಲು ಹೋಗಬೇಡಿ. ಕೈಯಲ್ಲಿ ಹಿಡಿದ ವಾಚ್‌ಗೆ ಈ ವ್ಯತ್ಯಾಸ ಸಿಗುವುದೇ ಇಲ್ಲ. ಗೆರೆಯ ಹತ್ತಿರ ನಿಂತವರು ಆ ತುದಿಯ ಸೀಟಿ ಕೇಳಿಸಿಕೊಂಡು ಬಟನ್ ಒತ್ತಿದರೆ, ಶಬ್ದ 100 ಮೀಟರ್ ದಾಟಿ ಬರುವುದಕ್ಕೇ ಸುಮಾರು 0.3 ಸೆಕೆಂಡ್ ಬೇಕು. ಅದಕ್ಕೇ ಟೈಮ್‌ಕೀಪರ್‌ಗಳು ಪಿಸ್ತೂಲಿನ ಹೊಗೆ ನೋಡಿ ಒತ್ತಬೇಕು ಅನ್ನುವುದು. ನಮ್ಮಲ್ಲಿ ಎಷ್ಟೋ ಕಡೆ ಪಿಸ್ತೂಲೂ ಇಲ್ಲ, ಹೊಗೆಯೂ ಇಲ್ಲ, ಕರ್ಚೀಫ್ ಬೀಸುತ್ತಾರೆ. ಹೊಗೆ ನೋಡಿ ಒತ್ತಿದ ಸಮಯವನ್ನು ಎಲೆಕ್ಟ್ರಾನಿಕ್ ಸಮಯದ ಜೊತೆ ಹೋಲಿಸುವಾಗಲೂ 100 ಮೀಟರ್‌ಗೆ 0.24 ಸೆಕೆಂಡ್ ಸೇರಿಸುವ ಪದ್ಧತಿ ಇದೆ. ನಿಮಗೆ ನೋಡಲೇಬೇಕು ಅನ್ನಿಸಿದರೆ ಮೊಬೈಲ್‌ನ ಸ್ಲೋ ಮೋಷನ್ ವಿಡಿಯೋ ಬಳಸಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಆದರೆ ಒಂದೊಂದು ಚಿತ್ರ ಸುಮಾರು 0.004 ಸೆಕೆಂಡ್. 30 ಮೀಟರ್ ಓಡಿಸಿ, ಒಂದು ದಿನ ಕೂತು ಹಿಗ್ಗಿಸಿದ ಮೇಲೆ, ಇನ್ನೊಂದು ದಿನ ಹಿಗ್ಗಿಸದೆ, ಹೀಗೆ ಬದಲಿಸುತ್ತಾ ಕೆಲವು ವಾರ ನೋಡಿದರೆ ಏನಾದರೂ ತಿಳಿದೀತು. ಒಂದೇ ದಿನದ ಓಟದಿಂದ ತೀರ್ಮಾನಕ್ಕೆ ಬಂದರೆ ನೀವು ಅಳೆದದ್ದು ಗಾಳಿಯನ್ನೋ, ಆ ಹುಡುಗನ ಬೆಳಗಿನ ತಿಂಡಿಯನ್ನೋ ಆಗಿರುತ್ತದೆ.

ಈಗ ಯಾಕೆ ಹೀಗಾಗುತ್ತದೆ ಅನ್ನುವುದು. ಪೂರ್ತಿ ವೇಗದಲ್ಲಿ ಓಡುವಾಗ ಒಳ್ಳೆಯ ಓಟಗಾರರ ಪಾದ ನೆಲ ಮುಟ್ಟಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಅಷ್ಟರಲ್ಲಿ ಇಡೀ ಮೈಯ ಭಾರ ಹೊತ್ತು, ಮೇಲಕ್ಕೂ ಮುಂದಕ್ಕೂ ತಳ್ಳಬೇಕು. ಅಷ್ಟು ಚಿಕ್ಕ ಹೊತ್ತಿನಲ್ಲಿ ಸ್ನಾಯು ಒಂದೇ ಈ ಕೆಲಸ ಮಾಡಲಾರದು. ಹಿಮ್ಮಡಿಯ ಮೇಲೆ ಕೈಗೆ ಗಟ್ಟಿಯಾಗಿ ಸಿಗುವ ನರದಂಥ ಭಾಗ ಇದೆಯಲ್ಲ, ಆ ಟೆಂಡನ್ ಮತ್ತು ಅದಕ್ಕೆ ಸೇರಿದ ಮೀನಖಂಡ ಎರಡೂ ಸೇರಿ ಪುಟಿಯಬೇಕು. ನವಾರು ಮಂಚ ಬಿಗಿಯಾಗಿದ್ದರೆ ಕೂತವನನ್ನು ಮೇಲಕ್ಕೆ ಪುಟಿಸುತ್ತದೆ, ಜೋಲು ಬಿದ್ದಿದ್ದರೆ ಒಳಗೆ ಎಳೆದುಕೊಳ್ಳುತ್ತದೆ. ತುಂಬಾ ಹೊತ್ತು ಹಿಡಿದು ಹಿಗ್ಗಿಸಿದಾಗ ಈ ಜೋಡಿಯ ಬಿಗಿ ಸ್ವಲ್ಪ ಹೊತ್ತು ಇಳಿಯುತ್ತದೆ. ಅದರ ಜೊತೆಗೆ ಮಿದುಳು ಮತ್ತು ಬೆನ್ನುಹುರಿಯಿಂದ ಆ ಸ್ನಾಯುವಿಗೆ ಬರುವ ಆಜ್ಞೆಯ ಜೋರೂ ಕೆಲವು ನಿಮಿಷ ತಗ್ಗುತ್ತದೆ. ಎರಡೂ ತಾತ್ಕಾಲಿಕ. ಆದರೆ 100 ಮೀಟರ್ ಮುಗಿಯುವುದೂ ಹದಿಮೂರು ಹದಿನಾಲ್ಕು ಸೆಕೆಂಡಿನಲ್ಲೇ ಅಲ್ವಾ?

'ತುಂಬಾ ಹೊತ್ತು' ಅಂದೆ. ಇಲ್ಲಿ ನಿಮ್ಮ ಹಳೆಯ ವಿದ್ಯಾರ್ಥಿ ಬಿಟ್ಟ ಅರ್ಧ ಸಿಗುತ್ತದೆ. ಕೆನಡಾದ ಡೇವಿಡ್ ಬೆಮ್ ಮತ್ತು ಸಂಗಡಿಗರು 2016ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಒಂದೊಂದು ಸ್ನಾಯುವನ್ನು ಒಟ್ಟು 60 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಗ್ಗಿಸಿದಾಗ ಸರಾಸರಿ ನಷ್ಟ ಶೇ 4.6. ಅದಕ್ಕಿಂತ ಕಡಿಮೆ ಹೊತ್ತು ಹಿಗ್ಗಿಸಿದರೆ ಶೇ 1.1. ಚಲಿಸುತ್ತಾ ಮಾಡುವ ಸ್ಟ್ರೆಚಿಂಗ್‌ನಿಂದ ಶೇ 1.3ರಷ್ಟು ಲಾಭ. ಇವು ಓಟ, ಜಿಗಿತ, ಕಾಲಿನ ಬಲ ಎಲ್ಲ ಸೇರಿದ ಲೆಕ್ಕ. ಬಲದ ಪರೀಕ್ಷೆಗಳಲ್ಲಿ ನಷ್ಟ ಜಾಸ್ತಿ, ಓಟ ಜಿಗಿತಗಳಲ್ಲಿ ಕಡಿಮೆ. ಇನ್ನೊಂದು ಸಂಗತಿ ಗಮನಿಸಿ. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಸ್ಟ್ರೆಚ್ ಮಾಡಿದ ಮೂರು ನಾಲ್ಕು ನಿಮಿಷದ ಒಳಗೇ ಅಳೆದವು. ಆಮೇಲೆ ಬೇರೇನೂ ಮಾಡಿಸದೆ ನೇರ ಪರೀಕ್ಷೆಗೆ ಕರೆದದ್ದೂ ತುಂಬಾ. ನಿಜವಾದ ಕೂಟದಲ್ಲಿ ಯಾರು ಹಾಗೆ ಓಡುತ್ತಾರೆ?

ಅದಕ್ಕೇ ಆಸ್ಟ್ರೇಲಿಯಾದ ಆಂಥನಿ ಬ್ಲೇಜೆವಿಚ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಕೆಲಸ ನನಗೆ ಇಷ್ಟ. 20 ಆಟಗಾರರಿಗೆ ಪೂರ್ತಿ ವಾರ್ಮ್ ಅಪ್ ಮಾಡಿಸಿ, ಅದರ ನಡುವೆ ಒಮ್ಮೆ ಚಿಕ್ಕ ಸ್ಟ್ರೆಚ್, ಒಮ್ಮೆ 30 ಸೆಕೆಂಡಿನದು, ಒಮ್ಮೆ ಚಲಿಸುತ್ತಾ ಮಾಡುವುದು, ಒಮ್ಮೆ ಏನೂ ಇಲ್ಲ, ಹೀಗೆ ಬೇರೆ ಬೇರೆ ದಿನ ಮಾಡಿಸಿದರು. ಓಟದಲ್ಲಿ, ಜಿಗಿತದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆದರೆ ಸ್ಟ್ರೆಚ್ ಮಾಡಿದ ದಿನ 'ಇವತ್ತು ಚೆನ್ನಾಗಿ ಓಡುತ್ತೇನೆ' ಅನ್ನುವ ಭರವಸೆ ಆಟಗಾರರಲ್ಲಿ ಜಾಸ್ತಿ ಇತ್ತು. ಇದಕ್ಕೆ ಎದುರಾಗಿ 2008ರಲ್ಲಿ ವಿಂಚೆಸ್ಟರ್ ತಂಡದ ಅಧ್ಯಯನ ಇದೆ. 22 ಕಾಲೇಜು ಓಟಗಾರರು ಚಲನೆಯ ವಾರ್ಮ್ ಅಪ್ ಎಲ್ಲ ಮುಗಿಸಿದ ಮೇಲೆ ಕೊನೆಗೆ ಕೂತು ಹಿಗ್ಗಿಸಿದಾಗ 40 ಮೀಟರ್ ಓಟ ನಿಧಾನವಾಯಿತು, ಅದೂ ಎರಡನೇ 20 ಮೀಟರ್‌ನಲ್ಲಿ. ಎರಡನ್ನೂ ಜೊತೆಗಿಟ್ಟರೆ ನನಗೆ ತೋರುವುದು ಇಷ್ಟು: ಮೊದಲಲ್ಲಿ, ಚಿಕ್ಕದಾಗಿ ಮಾಡಿ, ಆಮೇಲೆ ಚೆನ್ನಾಗಿ ಓಡಾಡಿದರೆ ಸ್ಟ್ರೆಚ್ ತೊಂದರೆ ಕೊಡದು. ಕೊನೆಯಲ್ಲಿ, ಉದ್ದಕ್ಕೆ ಮಾಡಿ, ಹಾಗೇ ಗೆರೆಗೆ ಹೋದರೆ ಕೊಡುತ್ತದೆ.

ನೀವು ಬರೆದ ಹತ್ತು ನಿಮಿಷದ ಲೆಕ್ಕ ನೋಡೋಣ. ಕಾಲು ಚಾಚಿ ಕೂತು ಹೆಬ್ಬೆರಳು ಹಿಡಿದು ಮೂವತ್ತರವರೆಗೆ ಎಣಿಸುವುದು, ಎರಡು ಸಲ. ಚಿಟ್ಟೆ ಹಾಗೆ ಪಾದ ಜೋಡಿಸಿ ಮಂಡಿ ಒತ್ತುವುದು. ಒಂದು ಕಾಲು ಮಡಚಿ ಹಿಂದಕ್ಕೆ ಮಲಗುವುದು. ಹೆಚ್ಚಿನ ಶಾಲೆಗಳಲ್ಲಿ ಇದೇ ನಡೆಯುತ್ತದೆ. ತೊಡೆಯ ಹಿಂಭಾಗ ಒಂದಕ್ಕೇ 60 ಸೆಕೆಂಡ್ ಆಗಿಬಿಡುತ್ತದೆ. ಇದರ ಮೇಲೆ ಇನ್ನೊಂದಿದೆ. ಮುಂದೆ ಬಾಗಿದ ಹುಡುಗನ ಬೆನ್ನ ಮೇಲೆ ಇನ್ನೊಬ್ಬ ಎರಡೂ ಕೈ ಊರಿ, ಹಣೆ ಮಂಡಿಗೆ ತಾಗುವವರೆಗೆ ಒತ್ತುತ್ತಾನೆ. ಕೆಳಗಿನವನು ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು 'ಆಯ್ತು ಬಿಡೋ' ಅಂತಾನೆ. ಮೇಲಿನವನಿಗೆ ಅದೇ ಖುಷಿ. ಇದನ್ನು ಇವತ್ತೇ ನಿಲ್ಲಿಸಿ. ಓಟದ ದಿನ ಮಾತ್ರ ಅಂತಲ್ಲ, ಯಾವ ದಿನವೂ ಬೇಡ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಆಮೇಲೆ ಅದಕ್ಕೆ ಹೊಂದಿಕೊಳ್ಳುತ್ತದೆ. ಅದಕ್ಕೇ ಹದಿಮೂರು ಹದಿನಾಲ್ಕರ ಹುಡುಗರು ಬಗ್ಗಿದರೆ ಬೆರಳು ನೆಲ ಮುಟ್ಟುವುದಿಲ್ಲ. ಅದು ಸೋಮಾರಿತನ ಅಲ್ಲ, ಒತ್ತಿ ಸರಿ ಮಾಡುವ ವಿಷಯವೂ ಅಲ್ಲ.

ಇನ್ನು ನಿಮ್ಮ ಭಯ, ಮಾಡಿಸದಿದ್ದರೆ ಕಾಲು ಹಿಡಿದುಕೊಂಡರೆ ಅನ್ನುವುದು. ಆಸ್ಟ್ರೇಲಿಯಾದ ಸೈನ್ಯದಲ್ಲಿ 1538 ಹೊಸ ಸೈನಿಕರನ್ನು 12 ವಾರ ಗಮನಿಸಿ ಪೋಪ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರುವಾಸಿ. ಅರ್ಧ ಜನ ವ್ಯಾಯಾಮಕ್ಕೆ ಮುಂಚೆ ಕಾಲಿನ ಸ್ನಾಯುಗಳನ್ನು ಹಿಗ್ಗಿಸಿದರು, ಅರ್ಧ ಜನ ಇಲ್ಲ. ಗಾಯಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಅದು ಎಲ್ಲ ತರದ ಗಾಯಗಳ ಲೆಕ್ಕ. ಜೋರಾಗಿ ಓಡುವ ಆಟಗಳಲ್ಲಿ ಬರೀ ಸ್ನಾಯು ಹರಿಯುವುದನ್ನು ಮಾತ್ರ ನೋಡಿದ ಕೆಲವು ಅಧ್ಯಯನಗಳಲ್ಲಿ ಸ್ಟ್ರೆಚಿಂಗ್‌ನಿಂದ ಸ್ವಲ್ಪ ಲಾಭ ಕಂಡದ್ದೂ ಇದೆ. ಪುರಾವೆ ಅಷ್ಟು ಗಟ್ಟಿ ಇಲ್ಲ. ಹಾಗಾಗಿ 'ಸ್ಟ್ರೆಚ್ ಮಾಡಿದರೆ ಗಾಯ ಆಗಲ್ಲ' ಅನ್ನುವ ಭರವಸೆಯನ್ನು ನಾನಂತೂ ಕೊಡಲಾರೆ.

ತೊಡೆಯ ಹಿಂದಿನ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಓಟದಲ್ಲಿ ಹರಿಯುವುದು ಹೆಚ್ಚಾಗಿ ಒಂದೇ ಗಳಿಗೆಯಲ್ಲಿ. ಕಾಲು ಮುಂದಕ್ಕೆ ಬೀಸಿ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ. ಆಗ ಆ ಸ್ನಾಯು ಉದ್ದವಾಗುತ್ತಲೇ ಜೋರಾಗಿ ಬ್ರೇಕ್ ಹಾಕುತ್ತಿರುತ್ತದೆ. ಅದಕ್ಕೆ ಬೇಕಾದದ್ದು ಉದ್ದವಾಗುತ್ತಾ ತಡೆಯುವ ಬಲ. ಅದನ್ನು ಕೊಡುವ ವ್ಯಾಯಾಮ ನಾರ್ಡಿಕ್. ಹುಡುಗ ಮಂಡಿಯೂರಿ ನಿಲ್ಲಬೇಕು. ಹಿಂದೆ ಇನ್ನೊಬ್ಬ ಅವನ ಕಣಕಾಲು ನೆಲಕ್ಕೆ ಒತ್ತಿ ಹಿಡಿಯಬೇಕು. ಮಂಡಿಯಿಂದ ತಲೆಯವರೆಗೆ ಮೈ ನೆಟ್ಟಗಿಟ್ಟು ಆದಷ್ಟು ನಿಧಾನ ಮುಂದಕ್ಕೆ ಬೀಳುತ್ತಾ ಹೋಗಬೇಕು, ತಡೆಯಲಾರದಾಗ ಕೈ ಊರಿಕೊಳ್ಳಬೇಕು. ಬೆನ್ನು ಒತ್ತುವ ಆ ಹುಡುಗನಿಗೆ ಈ ಕೆಲಸ ಕೊಡಿ. ಹೆಚ್ಚಾಗಿ ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನಗಳಲ್ಲಿ ಇದು ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸಿದೆ. ಖರ್ಚು ಒಂದು ಪೈಸೆ ಇಲ್ಲ, ಒಂದು ಹಳೆಯ ಜಮಖಾನೆ ಸಾಕು. ವಾರಕ್ಕೆ ಎರಡು ದಿನ, ಮೊದಲಿಗೆ ನಾಲ್ಕೈದು ಸಲ ಮಾತ್ರ. ಮೊದಲ ವಾರ ತೊಡೆ ಚೆನ್ನಾಗಿ ನೋಯುತ್ತದೆ. ಅದಕ್ಕೇ ಕೂಟದ ಹಿಂದಿನ ನಾಲ್ಕೈದು ದಿನ ಬೇಡ.

ನಮ್ಮಲ್ಲಿ ಕಾಲು ಹಿಡಿದುಕೊಳ್ಳುವುದಕ್ಕೆ ಇನ್ನೊಂದು ದೊಡ್ಡ ಕಾರಣ ನಿಮಗೂ ಗೊತ್ತು. ಜೂನ್, ಜುಲೈ ಎಲ್ಲ ಮಗು ಒಂದು ದಿನವೂ ಪೂರ್ತಿ ವೇಗದಲ್ಲಿ ಓಡಿರುವುದಿಲ್ಲ. ತಾಲ್ಲೂಕು ಕೂಟದ ಸುತ್ತೋಲೆ ಬಂದ ಮೇಲೆ ವಾರದಲ್ಲಿ ಐದು ದಿನ ಸಾಯೋ ಹಾಗೆ ಓಡಿಸುತ್ತೇವೆ. ವಾರಕ್ಕೆ ಒಂದೆರಡು ದಿನ, ಪ್ರತಿ ಸಲ ನಾಲ್ಕೈದು ಬಾರಿ 40 ಮೀಟರ್ ಜೋರು ಓಟ ಮೊದಲಿಂದಲೂ ನಡೆದಿದ್ದರೆ ಅರ್ಧ ಸಮಸ್ಯೆ ಬರುವುದಿಲ್ಲ.

ಸರಿ, ಹಾಗಾದರೆ ಓಟದ ದಿನ ಏನು ಮಾಡಿಸಬೇಕು? ಜಗಳೂರಿನಿಂದ ಬೆಳಗ್ಗೆ ಬೇಗ ಹೊರಟು, ಟೆಂಪೋದಲ್ಲಿ ಒತ್ತಿ ಕೂತು ದಾವಣಗೆರೆಯ ಜಿಲ್ಲಾ ಕ್ರೀಡಾಂಗಣದಲ್ಲಿ ಇಳಿದ ಮಕ್ಕಳ ಸೊಂಟ, ಮಂಡಿ ಬಿಗಿದಿರುತ್ತವೆ. ಮೊದಲು ಸುಮ್ನೆ ಮೈದಾನ ಒಂದು ಸುತ್ತು ನಡೆಸಿ. ಓಟಕ್ಕೆ ಅರ್ಧ ಗಂಟೆ ಇದೆ ಅನ್ನುವಾಗ ನಿಜವಾದ ವಾರ್ಮ್ ಅಪ್ ಶುರು ಮಾಡಿ. ಐದು ನಿಮಿಷ ಸಣ್ಣ ಓಟ, ಹಣೆಯ ಮೇಲೆ ತೆಳ್ಳಗೆ ಬೆವರು ಬರಬೇಕು, ಏದುಸಿರು ಬರಬಾರದು. ಯಾರಿಗಾದರೂ ಸ್ಟ್ರೆಚ್ ಬೇಕೇ ಬೇಕು ಅನ್ನಿಸಿದರೆ ಇಲ್ಲಿ, ಒಂದೊಂದು ಸ್ನಾಯುವಿಗೆ ಹತ್ತು ಹದಿನೈದು ಸೆಕೆಂಡ್, ನಿಂತುಕೊಂಡೇ. ಆಮೇಲೆ ಆರೇಳು ನಿಮಿಷ ಚಲನೆ. ಗೋಡೆಯೋ ಗೆಳೆಯನ ಹೆಗಲೋ ಹಿಡಿದು ಕಾಲನ್ನು ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಬೀಸುವುದು. ದೊಡ್ಡ ಹೆಜ್ಜೆ ಇಟ್ಟು ಮಂಡಿ ಬಗ್ಗಿಸುತ್ತಾ ನಡೆಯುವುದು. ಮಂಡಿ ಎತ್ತಿ ಕುಣಿಯುತ್ತಾ ಹೋಗುವ ಹೈ ನೀಸ್, ಹಿಮ್ಮಡಿ ಹಿಂದಕ್ಕೆ ತಾಗಿಸುವ ಬಟ್ ಕಿಕ್ಸ್, ಪ್ರತಿ ಹೆಜ್ಜೆಗೂ ಸಣ್ಣ ಜಿಗಿತ ಸೇರಿಸಿ ಮಂಡಿ ಎತ್ತುವ ಎ-ಸ್ಕಿಪ್. ಮೊದಲು ನಿಧಾನ, ಬರಬರುತ್ತಾ ಜೋರು. ನಮ್ಮೂರ ಗರಡಿ ಮನೆಗಳಲ್ಲಿ ಪೈಲ್ವಾನರು ಅಖಾಡಕ್ಕೆ ಇಳಿಯುವ ಮುಂಚೆ ಬಸ್ಕಿ, ದಂಡ ಹೊಡೆದು ಮೈ ಬಿಸಿ ಮಾಡಿಕೊಳ್ಳುವುದು ಇದೇ ಲೆಕ್ಕದಲ್ಲಿ. ಅವರು ಯಾರೂ ಕಾಲು ಚಾಚಿ ಕೂತು ಎಣಿಸುತ್ತಿರಲಿಲ್ಲ.

ಕೊನೆಗೆ ಸ್ಟ್ರೈಡ್ಸ್. 50 ಮೀಟರ್‌ನ ಮೂರು ಓಟ. ಮೊದಲನೆಯದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವೇಗ, ಎರಡನೆಯದು ಮುಕ್ಕಾಲು, ಮೂರನೆಯದು ಹೆಚ್ಚುಕಮ್ಮಿ ಪೂರ್ತಿ. ನಡುವೆ ನಡೆದುಕೊಂಡು ವಾಪಸ್. ಎರಡು ಸ್ಟಾರ್ಟ್, ಹತ್ತು ಹದಿನೈದು ಮೀಟರ್‌ವರೆಗೆ. ಈ ಭಾಗವನ್ನು ನಮ್ಮಲ್ಲಿ ತುಂಬಾ ಜನ ಬಿಟ್ಟುಬಿಡುತ್ತಾರೆ, 'ಶಕ್ತಿ ಖರ್ಚಾಗುತ್ತೆ' ಅಂತ. ಮೂರು ಸ್ಟ್ರೈಡ್‌ಗೆ ಖರ್ಚಾಗುವ ಶಕ್ತಿ ಲೆಕ್ಕಕ್ಕಿಲ್ಲ. ಇಡೀ ವಾರ್ಮ್ ಅಪ್‌ನಲ್ಲಿ ಯಾವುದಾದರೂ ಎರಡನ್ನು ಮಾತ್ರ ಉಳಿಸಿಕೊಳ್ಳಿ ಅಂದರೆ ನಾನು ಸಣ್ಣ ಓಟ ಮತ್ತು ಸ್ಟ್ರೈಡ್ಸ್ ಉಳಿಸಿಕೊಂಡು ಬೇರೆ ಎಲ್ಲ ಬಿಡುತ್ತೇನೆ.

ಈಗ ಮೊದಲು ಹೇಳಿದ ಶಾಮಿಯಾನದ ವಿಷಯ. ಸ್ನಾಯು ಬಿಸಿಯಾಗಿದ್ದರೆ ಅದರ ಕೆಲಸವೇ ಬೇರೆ. ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ನರದ ಸಂದೇಶ ಬೇಗ ಓಡುತ್ತದೆ, ಸ್ನಾಯು ಬೇಗ ಬಿಗಿದು ಬೇಗ ಸಡಿಲುತ್ತದೆ. ಸ್ನಾಯುವಿನ ಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಚಿಮ್ಮುವ ಶಕ್ತಿ ಶೇ 2ರಿಂದ 5ರಷ್ಟು ಹೆಚ್ಚುತ್ತದೆ ಅನ್ನುವುದು ಸಂಶೋಧಕರು ಒಪ್ಪಿದ ಲೆಕ್ಕ. ಶಕ್ತಿ ಶೇ 4 ಹೆಚ್ಚಿದರೆ ಓಟದ ಸಮಯ ಶೇ 4 ಇಳಿಯುತ್ತದೆ ಅಂತಲ್ಲ. ಆದರೂ ಸ್ಟ್ರೆಚಿಂಗ್‌ನ ಶೇ 1.1ರ ಪಕ್ಕ ಇದನ್ನು ಇಟ್ಟು ನೋಡಿ. ಸಣ್ಣ ಓಟ ಶುರುವಾದ ಐದು ನಿಮಿಷದಲ್ಲಿ ಈ ಬಿಸಿ ಜೋರಾಗಿ ಏರುತ್ತದೆ, ಹತ್ತಿಪ್ಪತ್ತು ನಿಮಿಷಕ್ಕೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಕೂತ ತಕ್ಷಣ ಇಳಿಯಲು ಶುರು. ಹದಿನೈದು ಇಪ್ಪತ್ತು ನಿಮಿಷ ಕೂತರೆ ಗಳಿಸಿದ್ದರಲ್ಲಿ ಬಹಳಷ್ಟು ಹೋಯಿತು.

ನಮ್ಮ ಕೂಟಗಳಲ್ಲಿ ಏನಾಗುತ್ತದೆ? ಹತ್ತು ಗಂಟೆಗೆ ಹೀಟ್ಸ್ ಅಂತ ಬರೆದಿರುತ್ತಾರೆ. ಒಂಬತ್ತೂವರೆಗೆ ಮಕ್ಕಳು ವಾರ್ಮ್ ಅಪ್ ಮುಗಿಸಿ ಸಿದ್ಧ. ಉದ್ಘಾಟಕರು ಬರುವುದು ಹತ್ತೂಕಾಲಿಗೆ. ಜ್ಯೋತಿ, ಪಾರಿವಾಳ, ಪಥಸಂಚಲನ, 'ಸೋಲು ಗೆಲುವು ಮುಖ್ಯವಲ್ಲ' ಅನ್ನುವ ಭಾಷಣ ನಾಲ್ಕು ಜನರಿಂದ. ಆಮೇಲೆ ಮೊದಲು 1500 ಮೀಟರ್ ಮುಗಿಸಿಬಿಡೋಣ ಅನ್ನುತ್ತಾರೆ. ನಿಮ್ಮ ಹುಡುಗಿ ಗೆರೆಗೆ ಬರುವುದು ಹನ್ನೊಂದೂವರೆಗೆ. ಮೈ ಬಿಸಿ ಎಲ್ಲಿ ಉಳಿದಿರುತ್ತದೆ? ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಮ್ಮ ಸೀಮೆಯ ಗಾಳಿ ಬೇರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಬೆವರು ಬಂದ ಮೈಗೆ ಆ ಗಾಳಿ ಬಿದ್ದರೆ ಐದೇ ನಿಮಿಷಕ್ಕೆ ಚಳಿ ಹಿಡಿಯುತ್ತದೆ.

ಇದಕ್ಕೆ ಪರಿಹಾರ ಸ್ವೆಟರ್. ತಮಾಷೆ ಅಲ್ಲ. ಬ್ರಿಟನ್ನಿನಲ್ಲಿ ವೃತ್ತಿಪರ ರಗ್ಬಿ ಆಟಗಾರರನ್ನು ವಾರ್ಮ್ ಅಪ್ ಆದ ಮೇಲೆ 15 ನಿಮಿಷ ಕೂರಿಸಿ ನೋಡಿದ್ದಾರೆ. ಬಿಸಿ ಹೊರಗೆ ಹೋಗದಂಥ ಜಾಕೆಟ್ ಹಾಕಿ ಕೂತ ದಿನ ಮೈ ಕಡಿಮೆ ತಣ್ಣಗಾಯಿತು, ಜಿಗಿತವೂ ಓಟವೂ ಉತ್ತಮವಾಗಿ ಬಂತು. ನಮ್ಮ ಮಕ್ಕಳಿಗೆ ಆ ಜಾಕೆಟ್ ಬೇಡ. ಮನೆಯ ಸ್ವೆಟರ್, ಅಣ್ಣನ ಟ್ರ್ಯಾಕ್ ಪ್ಯಾಂಟ್, ಅದೂ ಇಲ್ಲದಿದ್ದರೆ ಕಾಲಿಗೆ ಸುತ್ತಿಕೊಳ್ಳಲು ಒಂದು ಹೊದಿಕೆ ತರಲು ಹೇಳಿ. ಸ್ಟ್ರೈಡ್ಸ್ ಮುಗಿದ ಕೂಡಲೇ ಹಾಕಿಕೊಳ್ಳಬೇಕು, ಗೆರೆಗೆ ಕರೆದಾಗ ತೆಗೆಯಬೇಕು. ಕೂರುವುದು ಬೇಡ, ಮೆಲ್ಲಗೆ ಓಡಾಡುತ್ತಿರಲಿ. ಐದು ನಿಮಿಷಕ್ಕೊಮ್ಮೆ ಹತ್ತಿಪ್ಪತ್ತು ಹೈ ನೀಸ್. ಕರೆಯುವುದು ಇಪ್ಪತ್ತು ನಿಮಿಷ ಮೀರಿ ತಡವಾದರೆ ಒಂದು ಸ್ಟ್ರೈಡ್ ಮತ್ತೆ ಹೊಡೆಯಲಿ. ಕೊನೆಯ ಜೋರು ಓಟಕ್ಕೂ ನಿಜವಾದ ಓಟಕ್ಕೂ ನಡುವೆ ಐದರಿಂದ ಹತ್ತು ನಿಮಿಷ ಇದ್ದರೆ ಚೆಂದ. ನೀವು ಮಾಡಬೇಕಾದ ಕೆಲಸ ಒಂದಿದೆ. ವೇಳಾಪಟ್ಟಿ ನಂಬದೆ, ಅನೌನ್ಸ್‌ಮೆಂಟ್ ಟೇಬಲ್ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿ. ಯಾವ ಹೀಟ್ ನಡೀತಿದೆ, ನಮ್ಮದಕ್ಕೆ ಇನ್ನೆಷ್ಟು ಇದೆ ಅಂತ ಅವನು ಓಡಿ ಬಂದು ಹೇಳಲಿ. ವಾರ್ಮ್ ಅಪ್ ಶುರು ಮಾಡುವುದು ಅದನ್ನು ನೋಡಿಕೊಂಡೇ.

ಮಧ್ಯಾಹ್ನದ ಬಿಸಿಲಲ್ಲಿ ಫೈನಲ್ ಆದರೆ ಸಣ್ಣ ಓಟ ಎರಡು ಮೂರು ನಿಮಿಷಕ್ಕೆ ಇಳಿಸಿ, ಕಾಯುವುದು ನೆರಳಲ್ಲಿ, ನೀರು ಗುಟುಕು ಗುಟುಕಾಗಿ. ಹೀಟ್ಸ್ ಆದ ಮೇಲೆ ಪೂರ್ತಿ ವಾರ್ಮ್ ಅಪ್ ಮತ್ತೆ ಬೇಡ, ಸ್ವಲ್ಪ ಚಲನೆ ಮತ್ತು ಎರಡು ಸ್ಟ್ರೈಡ್ ಸಾಕು. ದಾವಣಗೆರೆಗೆ ಬಂದ ಮಕ್ಕಳಿಗೆ ಬೆಣ್ಣೆ ದೋಸೆ ಕೊಡಿಸುವ ಆಸೆ ನಿಮಗೂ ಇರುತ್ತದೆ. ಕೊಡಿಸಿ, ಓಟ ಮುಗಿದ ಮೇಲೆ.

ಹರ್ಡಲ್ಸ್ ಓಡುವವರು ಮಾತ್ರ ಸ್ವಲ್ಪ ಬೇರೆ. ಅವರಿಗೆ ಸೊಂಟದ ಕೀಲು ಪೂರ್ತಿ ತೆರೆಯಬೇಕು, ಚಿಕ್ಕ ಸ್ಟ್ರೆಚ್ ಒಂದೆರಡು ಜಾಸ್ತಿ ಇದ್ದರೂ ಅಡ್ಡಿಯಿಲ್ಲ. ಪೊಲೀಸ್ ಕೆಲಸಕ್ಕೆ 1600 ಮೀಟರ್ ಅಭ್ಯಾಸ ಮಾಡುವ ನಿಮ್ಮ ಹಳೆಯ ವಿದ್ಯಾರ್ಥಿಗಳು ಈ ಚರ್ಚೆಯಲ್ಲಿ ತಲೆ ಹಾಕುವುದೇ ಬೇಡ, ಅವರ ಓಟದಲ್ಲಿ ಇದರ ಲೆಕ್ಕ ತುಂಬಾ ಚಿಕ್ಕದು.

ಹಾಗಾದರೆ ಕೂತು ಮಾಡುವ ಸ್ಟ್ರೆಚಿಂಗ್ ಪೂರ್ತಿ ದಂಡವಾ? ಇಲ್ಲ. ಅದರ ಜಾಗ ಸಂಜೆ, ಅಭ್ಯಾಸ ಮುಗಿದ ಮೇಲೆ. ಒಂದೊಂದು ಸ್ನಾಯುವಿಗೆ 30 ಸೆಕೆಂಡ್, ಎರಡು ಮೂರು ಸಲ, ನೋವಿಲ್ಲದಷ್ಟು. ವಾರಗಟ್ಟಲೆ ಮಾಡಿದರೆ ಮೈ ನಿಜವಾಗಿ ಸಡಿಲವಾಗುತ್ತದೆ, ವೇಗಕ್ಕೆ ಏನೂ ಕುಂದಿಲ್ಲ. ಈ ಬದಲಾವಣೆಯನ್ನು ನಾಳೆಯ ಅಭ್ಯಾಸದಿಂದ ಶುರು ಮಾಡಿ, ಕೂಟದ ದಿನ ಬೇಡ. ಐದನೇ ತರಗತಿಯಿಂದ ಹೆಬ್ಬೆರಳು ಹಿಡಿದು ಎಣಿಸಿಯೇ ಗೆರೆಗೆ ಹೋಗಿ ಅಭ್ಯಾಸವಾದ ಮಗುವಿಗೆ ಅವತ್ತೇ 'ಅದು ತಪ್ಪು' ಅಂದರೆ ಅದರ ಧೈರ್ಯ ಹೋಗುತ್ತದೆ. ಹೋದ ಧೈರ್ಯ 0.04 ಸೆಕೆಂಡಿಗಿಂತ ದುಬಾರಿ. ಅಂಥವರಿಗೆ ಹತ್ತು ಎಣಿಸಲು ಬಿಡಿ, ಆಮೇಲೆ ಎರಡು ಸ್ಟ್ರೈಡ್ ಹೊಡೆಸಿ.

ಕೊನೆಯದಾಗಿ ಆ 9ನೇ ತರಗತಿಯ ಹುಡುಗಿ. ಅವಳಿಗೆ ಸ್ಟ್ರೆಚ್ ಮಾಡಿಸಬೇಡಿ, ಇವತ್ತಿನಿಂದಲೇ ನಿಲ್ಲಿಸಿ. ಹರಿದ ಸ್ನಾಯುವನ್ನು ಎಳೆದರೆ ಗಾಯ ಕೂಡುವುದು ತಡವಾಗುತ್ತದೆ. ಬಿಸಿ ಎಣ್ಣೆ ಹಾಕಿ ತಿಕ್ಕುವುದೂ ಮೊದಲ ಕೆಲವು ದಿನ ಬೇಡ. ಅವಳನ್ನು ಕೇಳಿ: ನೋವು ಓಡುತ್ತಿರುವಾಗ ಒಮ್ಮೆಲೇ ಬಂತಾ, ಮೆಲ್ಲಗೆ ಶುರುವಾಯಿತಾ? ಎಲ್ಲಿ ನೋವು ಅಂತ ಒಂದು ಬೆರಳಲ್ಲಿ ತೋರಿಸಲು ಹೇಳಿ. ತೊಡೆಯ ನಡುಭಾಗ ತೋರಿಸಿದರೆ, ಕುಂಟದೆ ನಡೆಯುತ್ತಿದ್ದರೆ, ಸಾಮಾನ್ಯ ಸ್ನಾಯುವಿನ ಗಾಯ ಇರಬಹುದು. ನೋವಿಲ್ಲದೆ ಬಿರುಸಾಗಿ ನಡೆಯಲು ಬಂದ ಮೇಲೆ ಸಣ್ಣ ಓಟ, ಆಮೇಲೆ ಅರ್ಧ ವೇಗ, ಮುಕ್ಕಾಲು, ಪೂರ್ತಿ. ಒಂದೊಂದು ಹಂತಕ್ಕೆ ಎರಡು ಮೂರು ದಿನ. ನೋವು ಬಂದರೆ ಒಂದು ಹಂತ ಹಿಂದಕ್ಕೆ. ಚಿಕ್ಕ ಗಾಯಕ್ಕೂ ಎರಡು ಮೂರು ವಾರ ಹಿಡಿಯುತ್ತದೆ, ಹಾಗಾಗಿ ಜಿಲ್ಲಾ ಮಟ್ಟಕ್ಕೆ ಅವಳ ಜಾಗದಲ್ಲಿ ಇನ್ನೊಬ್ಬಳನ್ನು ಈಗಲೇ ತಯಾರು ಮಾಡಿಟ್ಟುಕೊಳ್ಳಿ. ಕೂಟಕ್ಕೆ ಎರಡು ದಿನ ಇರುವಾಗ ಪೂರ್ತಿ ವೇಗದಲ್ಲಿ ನೋವಿಲ್ಲದೆ ಓಡಲು ಆಗದಿದ್ದರೆ 100 ಮೀಟರ್ ಬೇಡ, ರಿಲೇಯೂ ಬೇಡ.

ಆದರೆ ಅವಳ ಬೆರಳು ತೊಡೆಯ ಮೇಲ್ತುದಿಗೆ, ಕೂತಾಗ ಬೆಂಚಿಗೆ ಒತ್ತುವ ಮೂಳೆಯ ಹತ್ತಿರ ಹೋದರೆ, ಅಥವಾ ಓಡುವಾಗ 'ಟಕ್' ಅಂದ ಹಾಗಾಗಿ ಕೂತುಬಿಟ್ಟಿದ್ದರೆ, ತಡ ಮಾಡದೆ ಮೂಳೆ ಡಾಕ್ಟರ ಹತ್ತಿರ ಕಳಿಸಿ. ಈ ವಯಸ್ಸಿನಲ್ಲಿ ಆ ಮೂಳೆಯ ಅಂಚು ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ಸ್ನಾಯು ಹರಿಯುವ ಬದಲು ಮೂಳೆಯ ಚಿಕ್ಕ ಚೂರನ್ನೇ ಕಿತ್ತುಕೊಂಡು ಬರುವುದುಂಟು. ಹೊರಗಿಂದ ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ, ಚಿಕಿತ್ಸೆ ಬೇರೆ ಬೇರೆ. ಎಕ್ಸ್-ರೇ ತೆಗೆಸುವಾಗ ನೋವಿರುವ ಬದಿ ಮಾತ್ರ ಸಾಲದು, ಸೊಂಟದ ಎರಡೂ ಬದಿ ಒಂದೇ ಚಿತ್ರದಲ್ಲಿ ಬರುವ ಹಾಗೆ ತೆಗೆಯಲು ಕೇಳಿ. ಸರಿಯಿರುವ ಬದಿಯ ಜೊತೆ ಹೋಲಿಸಿ ನೋಡಿದರೆ ಚಿಕ್ಕ ಚೂರು ಸರಿದಿದ್ದರೂ ಡಾಕ್ಟರಿಗೆ ಗೊತ್ತಾಗುತ್ತದೆ.